1 ಮೈಕ್ರೋಫ್ಯಾರಡ್ ಕೆಪಾಸಿಟರ್: 1 ಕಿಲೋಹರ್ಟ್ಸ್‌ನಲ್ಲೂ ಲೆಕ್ಕ ಕೂಡುತ್ತಿಲ್ಲ, 5 ಮೆಗಾಹರ್ಟ್ಸ್‌ನಲ್ಲೂ ಕೂಡುತ್ತಿಲ್ಲ, ಯಾಕೆ?

ಸರ್ಕೀಟು:

ಫಂಕ್ಷನ್ ಜನರೇಟರ್‌ನ ಔಟ್‌ಪುಟ್‌ಗೆ ಅಡ್ಡಲಾಗಿ 1 ಮೈಕ್ರೋಫ್ಯಾರಡ್‌ನ ಪಾಲಿಯೆಸ್ಟರ್ ಫಿಲ್ಮ್ ಕೆಪಾಸಿಟರ್ ಹಾಕಿ, ಅದರ ಎರಡು ಕಾಲುಗಳ ನಡುವಿನ ವೋಲ್ಟೇಜನ್ನು ಆಸಿಲೋಸ್ಕೋಪ್‌ನಲ್ಲಿ (ಸ್ಕೋಪ್) ನೋಡುತ್ತಿದ್ದೇನೆ. ಜನರೇಟರ್‌ನ ಒಳ ರೆಸಿಸ್ಟೆನ್ಸ್ 50 ಓಮ್. ಏನೂ ಜೋಡಿಸದಿದ್ದಾಗ ಪೀಕ್-ಟು-ಪೀಕ್ 10 ವೋಲ್ಟ್ ಸೈನ್ ಅಲೆ ಬರುತ್ತದೆ. ಪ್ರೋಬ್ 10 ಪಟ್ಟಿನದು, ಆವರೇಜಿಂಗ್ ಆನ್ ಇದೆ. ಕೆಪಾಸಿಟರ್‌ನ ಕಾಲು ಕತ್ತರಿಸಿಲ್ಲ, ಒಂದೊಂದೂ ಸುಮಾರು 1 ಸೆಂಟಿಮೀಟರ್.

ರಿಯಾಕ್ಟೆನ್ಸ್‌ಗೆ, ಅಂದರೆ ಎಸಿಗೆ ಕೆಪಾಸಿಟರ್ ಒಡ್ಡುವ ತಡೆಗೆ, 1 ÷ (6.283 × ಆವರ್ತನ × ಕೆಪಾಸಿಟೆನ್ಸ್) ಸೂತ್ರ ಹಿಡಿದು, ಅದು ಮತ್ತು 50 ಓಮ್ ಸೇರಿ ವೋಲ್ಟೇಜ್ ಡಿವೈಡರ್ ಎಂದುಕೊಂಡು ಲೆಕ್ಕ ಹಾಕಿದೆ. ಫಲಿತಾಂಶ ಹೀಗಿದೆ:

1 ಕಿಲೋಹರ್ಟ್ಸ್: ಲೆಕ್ಕ 7.6 ವೋಲ್ಟ್, ಸ್ಕೋಪ್ 9.5 ವೋಲ್ಟ್
10 ಕಿಲೋಹರ್ಟ್ಸ್: ಲೆಕ್ಕ 2.4 ವೋಲ್ಟ್, ಸ್ಕೋಪ್ 3.0 ವೋಲ್ಟ್
100 ಕಿಲೋಹರ್ಟ್ಸ್: ಲೆಕ್ಕ 0.31 ವೋಲ್ಟ್, ಸ್ಕೋಪ್ 0.32 ವೋಲ್ಟ್
1 ಮೆಗಾಹರ್ಟ್ಸ್: ಲೆಕ್ಕ 32 ಮಿಲಿವೋಲ್ಟ್, ಸ್ಕೋಪ್ 12 ಮಿಲಿವೋಲ್ಟ್
5 ಮೆಗಾಹರ್ಟ್ಸ್: ಲೆಕ್ಕ 6 ಮಿಲಿವೋಲ್ಟ್, ಸ್ಕೋಪ್ 120 ಮಿಲಿವೋಲ್ಟ್

ನಡುವೆ ಒಂದೇ ಒಂದು ಸಾಲು ಕೂಡಿಬಂದಿದೆ. ಆವರ್ತನ ಏರಿದಷ್ಟೂ ವೋಲ್ಟೇಜ್ ಇಳಿಯಬೇಕಲ್ಲವೇ? 5 ಮೆಗಾಹರ್ಟ್ಸ್‌ನಲ್ಲಿ ಮತ್ತೆ ಮೇಲೆದ್ದದ್ದು ಹೇಗೆ?

ಅಳತೆಗೋಲು:

ನಿಮ್ಮ ಪಟ್ಟಿಯಲ್ಲಿ ಎರಡು ಬೇರೆ ಬೇರೆ ವಿಷಯ ಬೆರೆತಿವೆ. ಮೇಲಿನ ಎರಡು ಸಾಲಿನ ವ್ಯತ್ಯಾಸ ಲೆಕ್ಕದ್ದು, ಕೆಳಗಿನ ಎರಡು ಸಾಲಿನದು ಕೆಪಾಸಿಟರ್‌ನದೇ. 100 ಕಿಲೋಹರ್ಟ್ಸ್‌ನಲ್ಲಿ ಎರಡೂ ಅಷ್ಟಾಗಿ ಕಾಣುವುದಿಲ್ಲ, ಅದಕ್ಕೇ ಅಲ್ಲಿ ಹೊಂದಿಕೊಂಡಿದೆ. ನಾನು ಮೊದಲನೆಯದನ್ನು ಬಿಡಿಸುತ್ತೇನೆ.

ಸೂತ್ರವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಕೆಪಾಸಿಟರ್‌ಗೆ ಆವರ್ತನ ಅಂದರೆ ಏನೆಂದೇ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ವೋಲ್ಟೇಜ್ ಎಷ್ಟು ಬೇಗ ಬದಲಾಗುತ್ತಿದೆ ಎಂಬುದಷ್ಟೇ. ಕರೆಂಟ್ = ಕೆಪಾಸಿಟೆನ್ಸ್ × ವೋಲ್ಟೇಜ್ ಬದಲಾಗುವ ವೇಗ. 10 ವೋಲ್ಟ್ ಪೀಕ್ ಇರುವ 50 ಹರ್ಟ್ಸ್ ಸೈನ್ ಅಲೆಯಲ್ಲಿ ಅತಿ ಕಡಿದಾದ ಜಾಗ ಸೊನ್ನೆ ದಾಟುವಲ್ಲಿ. ಅಲ್ಲಿ ವೇಗ ಸೆಕೆಂಡಿಗೆ 3142 ವೋಲ್ಟ್. 1 ಮೈಕ್ರೋಫ್ಯಾರಡ್‌ನಲ್ಲಿ ಅದು 3.14 ಮಿಲಿಆಂಪ್ ಕರೆಂಟ್. ಅದೇ 10 ವೋಲ್ಟನ್ನು 1 ಕಿಲೋಹರ್ಟ್ಸ್‌ಗೆ ಏರಿಸಿದರೆ ವೇಗ 20 ಪಟ್ಟು, ಕರೆಂಟ್ 62.8 ಮಿಲಿಆಂಪ್. ಅರ್ಧ ಸೈಕಲ್‌ನಲ್ಲಿ ಒಳಗೆ ಹೋಗುವ ಚಾರ್ಜ್ ಎರಡೂ ಕಡೆ ಒಂದೇ, 20 ಮೈಕ್ರೋಕೂಲಂಬ್. ಅಷ್ಟೇ ಚಾರ್ಜನ್ನು ಇಪ್ಪತ್ತನೇ ಒಂದು ಭಾಗ ಸಮಯದಲ್ಲಿ ಸಾಗಿಸಬೇಕು, ಹಾಗಾಗಿ ಕರೆಂಟ್ ಹೆಚ್ಚು. ರಿಯಾಕ್ಟೆನ್ಸ್ ಆವರ್ತನಕ್ಕೆ ವಿಲೋಮ ಅನ್ನುವುದರ ಹಿಂದೆ ಇರುವುದು ಇಷ್ಟೇ.

ಫೇಸ್ ಕೂಡ ಇಲ್ಲಿಂದಲೇ ಹುಟ್ಟುವುದು. ವೋಲ್ಟೇಜ್ ತುದಿ ಮುಟ್ಟಿದ ಕ್ಷಣ ಅದು ಏರುತ್ತಲೂ ಇಲ್ಲ, ಇಳಿಯುತ್ತಲೂ ಇಲ್ಲ, ಆದ್ದರಿಂದ ಕರೆಂಟ್ ಸೊನ್ನೆ. ವೋಲ್ಟೇಜ್ ಸೊನ್ನೆ ದಾಟುವಾಗ ಕರೆಂಟ್ ತುದಿಯಲ್ಲಿ. ಅಂದರೆ ಕರೆಂಟ್ ಕಾಲು ಸೈಕಲ್, 90 ಡಿಗ್ರಿ, ಮುಂದೆ. 50 ಓಮ್‌ನ ಮೇಲಿನ ವೋಲ್ಟೇಜ್ ಕರೆಂಟ್ ಜೊತೆಗೇ ನಡೆಯುತ್ತದೆ, ಕೆಪಾಸಿಟರ್‌ನ ಮೇಲಿನದು 90 ಡಿಗ್ರಿ ಹಿಂದೆ. ಒಂದೇ ಹೊತ್ತಿಗೆ ತುದಿ ಮುಟ್ಟದ ಎರಡು ವೋಲ್ಟೇಜ್‌ಗಳನ್ನು ನೇರವಾಗಿ ಕೂಡಿಸಿದರೆ ತಪ್ಪುತ್ತದೆ. ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆಯಬೇಕು.

1 ಕಿಲೋಹರ್ಟ್ಸ್‌ನಲ್ಲಿ ರಿಯಾಕ್ಟೆನ್ಸ್ 159 ಓಮ್. 159ರ ವರ್ಗ ಮತ್ತು 50ರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ ಇಂಪೀಡೆನ್ಸ್, ಅಂದರೆ ಎಸಿಗೆ ಸಿಗುವ ಒಟ್ಟು ತಡೆ, ಸುಮಾರು 167 ಓಮ್. 10 × 159 ÷ 167 ಮಾಡಿದರೆ 9.5 ವೋಲ್ಟ್, ನಿಮ್ಮ ಸ್ಕೋಪ್ ತೋರಿಸಿದ್ದೇ. ಜನರೇಟರ್‌ನೊಳಗಿನ 50 ಓಮ್‌ನ ಮೇಲೆ ಆಗ 3 ವೋಲ್ಟ್ ಇರುತ್ತದೆ. 9.5 + 3 ಹತ್ತಕ್ಕಿಂತ ಜಾಸ್ತಿ, ಆದರೆ ವರ್ಗಗಳ ಮೊತ್ತ ಸರಿಯಾಗಿ 100ರ ಹತ್ತಿರ. 10 ಕಿಲೋಹರ್ಟ್ಸ್‌ಗೂ ಇದೇ ರೀತಿ ಮಾಡಿ, 3.0 ಬರುತ್ತದೆ. 100 ಕಿಲೋಹರ್ಟ್ಸ್‌ನಲ್ಲಿ ರಿಯಾಕ್ಟೆನ್ಸ್ 1.6 ಓಮ್ ಮಾತ್ರ. 50ರ ಮುಂದೆ ಅದು ಎಷ್ಟು ಚಿಕ್ಕದೆಂದರೆ ಹೇಗೆ ಕೂಡಿಸಿದರೂ ಉತ್ತರ ಹೆಚ್ಚುಕಡಿಮೆ ಒಂದೇ.

ಬೆಸುಗೆಕಡ್ಡಿ:

ಕೆಳಗಿನ ಎರಡು ಸಾಲು ನನಗೆ ಬಿಡಿ.

ನೀವು ಅಳೆದಿರುವುದು ಕೆಪಾಸಿಟರ್ ಒಂದನ್ನೇ ಅಲ್ಲ. ಕಾಲು, ಒಳಗಿನ ಫಾಯಿಲ್, ಅವುಗಳ ನಡುವಿನ ಲೂಪ್ ಎಲ್ಲಕ್ಕೂ ಇಂಡಕ್ಟೆನ್ಸ್ (ಕರೆಂಟ್ ಬದಲಾಗುವುದನ್ನು ತಡೆಯುವ ಗುಣ) ಇದೆ. ಡೇಟಾಶೀಟ್‌ನಲ್ಲಿ ಇದನ್ನು ಇಎಸ್‌ಎಲ್ ಅನ್ನುತ್ತಾರೆ. ಜೊತೆಗೆ ಸಣ್ಣದೊಂದು ರೆಸಿಸ್ಟೆನ್ಸ್, ಅದು ಇಎಸ್‌ಆರ್. ಮೂರೂ ಸಾಲಾಗಿ ಕೂತಿವೆ ಎಂದುಕೊಳ್ಳಿ. ಆವರ್ತನ ಏರಿದಂತೆ ಕೆಪಾಸಿಟರ್‌ನ ರಿಯಾಕ್ಟೆನ್ಸ್ ಇಳಿಯುತ್ತದೆ, ಇಂಡಕ್ಟೆನ್ಸ್‌ನ ರಿಯಾಕ್ಟೆನ್ಸ್ ಏರುತ್ತದೆ, ಒಂದರ ಫೇಸ್ ಇನ್ನೊಂದಕ್ಕೆ ಪೂರ್ತಿ ಎದುರು. ಎರಡೂ ಸಮನಾದಲ್ಲಿ ಒಂದನ್ನೊಂದು ಅಳಿಸಿ ಬರೀ ಇಎಸ್‌ಆರ್ ಉಳಿಯುತ್ತದೆ. ಅದು ಸ್ವಯಂ ಅನುರಣನದ ಆವರ್ತನ. ಅದರಾಚೆ ನಿಮ್ಮ ಕೆಪಾಸಿಟರ್ ಒಂದು ಇಂಡಕ್ಟರ್. ಮೈ ಮೇಲೆ 1 ಮೈಕ್ರೋಫ್ಯಾರಡ್ ಎಂದು ಬರೆದಿದ್ದರೂ ಸರ್ಕ್ಯೂಟ್‌ಗೆ ಅದು ಒಂದು ತುಂಡು ತಂತಿಯ ಸುರುಳಿಯಷ್ಟೇ.

ನಿಮ್ಮ ಅಂಕಿಯಿಂದಲೇ ಇಂಡಕ್ಟೆನ್ಸ್ ತೆಗೆಯಬಹುದು. 5 ಮೆಗಾಹರ್ಟ್ಸ್‌ನಲ್ಲಿ 120 ಮಿಲಿವೋಲ್ಟ್. ಕರೆಂಟ್ ಹೆಚ್ಚುಕಡಿಮೆ 10 ÷ 50, ಅಂದರೆ ಪೀಕ್-ಟು-ಪೀಕ್ 0.2 ಆಂಪ್. ಹಾಗಾಗಿ ಇಂಪೀಡೆನ್ಸ್ 0.6 ಓಮ್. ಕೆಪಾಸಿಟರ್ ಅಳಿಸಿಹಾಕಿದ 0.03 ಓಮ್ ಸೇರಿಸಿ 6.283 × 50 ಲಕ್ಷದಿಂದ ಭಾಗಿಸಿ: ಸುಮಾರು 20 ನ್ಯಾನೋಹೆನ್ರಿ. ಮಿಲಿಮೀಟರ್‌ಗೆ ಸುಮಾರು 1 ನ್ಯಾನೋಹೆನ್ರಿ ಎಂಬುದು ಕೈಗಣನೆಯ ಲೆಕ್ಕ. ಎರಡು ಕಾಲು ಸೇರಿ 2 ಸೆಂಟಿಮೀಟರ್, ಅಂದಾಜಿಗೆ ತಾಳೆಯಾಗುತ್ತದೆ. 20 ನ್ಯಾನೋಹೆನ್ರಿ ಮತ್ತು 1 ಮೈಕ್ರೋಫ್ಯಾರಡ್ ಅನುರಣಿಸುವುದು 1.1 ಮೆಗಾಹರ್ಟ್ಸ್‌ನಲ್ಲಿ. ಅಲ್ಲಿ ವೋಲ್ಟೇಜ್ ಗುಂಡಿಗೆ ಬಿದ್ದಂತೆ ತೀರಾ ಇಳಿಯುತ್ತದೆ. ನಿಮ್ಮ 1 ಮೆಗಾಹರ್ಟ್ಸ್ ಅಳತೆ ಆ ಗುಂಡಿಯ ಅಂಚಿನಲ್ಲೇ ಬಿದ್ದಿದೆ, ಅದಕ್ಕೇ 32 ಬರಬೇಕಾದಲ್ಲಿ 12.

ಖಾತ್ರಿಯಾಗಬೇಕೆಂದರೆ ಕಾಲನ್ನು 2 ಮಿಲಿಮೀಟರ್‌ಗೆ ಕತ್ತರಿಸಿ ಮತ್ತೆ ಅಳೆಯಿರಿ. 5 ಮೆಗಾಹರ್ಟ್ಸ್‌ನ ಅಂಕಿ ಅರ್ಧದ ಹತ್ತಿರ ಬರಬೇಕು (ಒಳಗಿನ ಫಾಯಿಲ್‌ನ ಪಾಲು ಹಾಗೇ ಉಳಿಯುತ್ತದೆ), 100 ಕಿಲೋಹರ್ಟ್ಸ್‌ನದು ಅಲುಗಾಡಬಾರದು.

ಅಲೆಗಣ್ಣು:

ಕತ್ತರಿಸುವ ಮೊದಲು ಪ್ರೋಬ್‌ನ ಬಗ್ಗೆ ಎರಡು ಮಾತು. ಮಿಲಿವೋಲ್ಟ್ ಮಟ್ಟದಲ್ಲಿ ಸ್ಕೋಪ್ ತೋರಿಸಿದ್ದೆಲ್ಲ ನಿಜವಲ್ಲ.

ಪ್ರೋಬ್‌ನ ತುದಿಯನ್ನೂ ಅದರ ಗ್ರೌಂಡ್ ಕ್ಲಿಪ್ಪನ್ನೂ ಕೆಪಾಸಿಟರ್‌ನ ಒಂದೇ ಕಾಲಿಗೆ, ಗ್ರೌಂಡ್ ಕಡೆಯದಕ್ಕೆ, ಒಂದೇ ಬಿಂದುವಿನಲ್ಲಿ ಮುಟ್ಟಿಸಿ. ಸೊನ್ನೆ ಬರಬೇಕು. 5 ಮೆಗಾಹರ್ಟ್ಸ್‌ನಲ್ಲಿ ಉದ್ದ ಕ್ಲಿಪ್ ಇದ್ದರೆ ಸೊನ್ನೆ ಬರುವುದಿಲ್ಲ. 15 ಸೆಂಟಿಮೀಟರ್ ಗ್ರೌಂಡ್ ತಂತಿ ಮಾಡುವ ಲೂಪ್, ಪಕ್ಕದಲ್ಲಿ ಹರಿಯುವ 0.2 ಆಂಪ್‌ನ ಕಾಂತಕ್ಷೇತ್ರವನ್ನು ಹಿಡಿಯುತ್ತದೆ. ಅಲ್ಲಿ ಕಂಡದ್ದಷ್ಟೂ ಸುಳ್ಳು ಓದು, ಅದು ನಿಮ್ಮ 120ರೊಳಗೂ ಸೇರಿರುತ್ತದೆ. ಕ್ಲಿಪ್ ತೆಗೆದು ಪ್ರೋಬ್‌ನ ಮೂತಿಗೆ ಸುತ್ತುವ ಸ್ಪ್ರಿಂಗ್ ಗ್ರೌಂಡ್ ಹಾಕಿ. ಇನ್ನೂ ಉತ್ತಮ ದಾರಿ ಎಂದರೆ ಎರಡು ಕೊಆಕ್ಸ್ ತುಂಡು: ಒಂದು ಜನರೇಟರ್‌ನಿಂದ, ಒಂದು ಸ್ಕೋಪ್‌ಗೆ, ಎರಡನ್ನೂ ಕೆಪಾಸಿಟರ್‌ನ ಮೈಗೆ ಒತ್ತಿ ಬೆಸುಗೆ ಹಾಕಿ, ಸ್ಕೋಪ್ ಕಡೆ 50 ಓಮ್ ಟರ್ಮಿನೇಶನ್.

ಪ್ರೋಬ್ ಎಲ್ಲಿ ಮುಟ್ಟುತ್ತದೆ ಎನ್ನುವುದೂ ಮುಖ್ಯ. ಕಾಲಿನ ತುದಿಯಲ್ಲಿ ಮುಟ್ಟಿದರೆ ಕಾಲಿನ ಇಂಡಕ್ಟೆನ್ಸ್ ಅಳತೆಯೊಳಗೆ ಬರುತ್ತದೆ, ಬುಡದಲ್ಲಿ ಮುಟ್ಟಿದರೆ ಬರುವುದಿಲ್ಲ. ಕತ್ತರಿಸದೆಯೇ ವ್ಯತ್ಯಾಸ ನೋಡಬಹುದು.

ಇನ್ನೊಂದು: ಈ ಪ್ರಯೋಗವನ್ನು ಮಲ್ಟಿಮೀಟರ್‌ನ ಎಸಿ ರೇಂಜ್‌ನಲ್ಲಿ ಮಾಡಲು ಹೊರಡುವವರಿಗೆ. ಅಗ್ಗದ ಮೀಟರ್‌ಗಳು 400 ಹರ್ಟ್ಸ್ ಅಥವಾ 1 ಕಿಲೋಹರ್ಟ್ಸ್‌ವರೆಗೆ ಮಾತ್ರ ನಂಬಿಕೆಗೆ ಅರ್ಹ. 10 ಕಿಲೋಹರ್ಟ್ಸ್‌ನಲ್ಲಿ ಕಡಿಮೆ ತೋರಿಸಿದರೆ ಅದು ಕೆಪಾಸಿಟರ್‌ನ ಗುಣವೋ ಮೀಟರ್‌ನ ಮಿತಿಯೋ ಹೇಳಲಾಗದು. ಮೀಟರನ್ನು ಮೊದಲು ಬರೀ ಜನರೇಟರ್‌ಗೆ ಹಾಕಿ, ಆವರ್ತನ ಏರಿಸಿ, ಎಲ್ಲಿಂದ ಓದು ಕುಸಿಯುತ್ತದೆ ನೋಡಿಕೊಳ್ಳಿ.

ಕರೆಂಟನ್ನೂ ನೋಡಬೇಕೆಂದರೆ ಅಳೆಯುವ ರೆಸಿಸ್ಟರ್ ಯಾವಾಗಲೂ ಗ್ರೌಂಡ್ ಕಡೆ ಇರಲಿ. ಸ್ಕೋಪ್‌ನ ಎರಡೂ ಚಾನೆಲ್‌ಗಳ ಗ್ರೌಂಡ್ ಒಳಗೆ ಒಂದೇ. ಮೇಲಿನ ರೆಸಿಸ್ಟರ್‌ಗೆ ಅಡ್ಡಲಾಗಿ ಪ್ರೋಬ್ ಹಾಕಿದರೆ ಗ್ರೌಂಡ್ ಕ್ಲಿಪ್ ಕೆಪಾಸಿಟರನ್ನೇ ಶಾರ್ಟ್ ಮಾಡುತ್ತದೆ.

ಸರ್ಕೀಟು:

ಸ್ಪ್ರಿಂಗ್ ಗ್ರೌಂಡ್ ಹಾಕಿ, ಕಾಲು 2 ಮಿಲಿಮೀಟರ್‌ಗೆ ಕತ್ತರಿಸಿ ಅಳೆದೆ. 5 ಮೆಗಾಹರ್ಟ್ಸ್‌ನಲ್ಲಿ 58 ಮಿಲಿವೋಲ್ಟ್. 100 ಕಿಲೋಹರ್ಟ್ಸ್‌ನಲ್ಲಿ ಅದೇ 0.32 ವೋಲ್ಟ್. ಅತಿ ಕೆಳಗಿನ ಗುಂಡಿ ಈಗ 1.6 ಮೆಗಾಹರ್ಟ್ಸ್ ಆಸುಪಾಸಿನಲ್ಲಿ, ಅಲ್ಲಿ 10 ಮಿಲಿವೋಲ್ಟ್. ಅಂದರೆ ಇಎಸ್‌ಆರ್ 0.05 ಓಮ್ ಎಂದು ಹಿಡಿಯಬಹುದೇ?

ಹಾಗಿದ್ದರೆ ಮುಂದಿನ ಪ್ರಶ್ನೆ. ಐಸಿಯ (ಚಿಪ್‌ನ) ಸಪ್ಲೈ ಕಾಲಿನ ಪಕ್ಕ 10 ಮೈಕ್ರೋಫ್ಯಾರಡ್ ಜೊತೆಗೆ 100 ನ್ಯಾನೋಫ್ಯಾರಡ್ ಹಾಕಿ ಎನ್ನುತ್ತಾರಲ್ಲ, ಅದಕ್ಕೆ ಕಾರಣ ಇದೇನಾ?

ಬೆಸುಗೆಕಡ್ಡಿ:

ಹಿಡಿಯಬಹುದು. ಸಂಪರ್ಕದ ರೆಸಿಸ್ಟೆನ್ಸ್ ಕೂಡ ಅದರಲ್ಲಿ ಸೇರಿದೆ ಅನ್ನುವುದು ನೆನಪಿರಲಿ. ಕಾಲು ಕತ್ತರಿಸಿದ ಮೇಲೆ ಇಂಡಕ್ಟೆನ್ಸ್ 10 ನ್ಯಾನೋಹೆನ್ರಿ ಎಂದಾಯಿತು, 1.6 ಮೆಗಾಹರ್ಟ್ಸ್ ಅದಕ್ಕೆ ಸರಿಹೊಂದುತ್ತದೆ.

ಎರಡನೆಯದಕ್ಕೆ: ಮೂಲದಲ್ಲಿ ಕಾರಣ ಇದೇ. ದೊಡ್ಡದು ಎಲೆಕ್ಟ್ರೋಲಿಟಿಕ್ ಆಗಿದ್ದ ಕಾಲಕ್ಕೆ ಆ ಸಲಹೆ ಅಪ್ಪಟ ನಿಜ. 1000 ಮೈಕ್ರೋಫ್ಯಾರಡ್‌ನ, 0.05 ಓಮ್ ಇಎಸ್‌ಆರ್ ಇರುವ ಎಲೆಕ್ಟ್ರೋಲಿಟಿಕ್ ತೆಗೆದುಕೊಳ್ಳಿ. 100 ಹರ್ಟ್ಸ್‌ನಲ್ಲಿ ರಿಯಾಕ್ಟೆನ್ಸ್ 1.6 ಓಮ್. 3.2 ಕಿಲೋಹರ್ಟ್ಸ್‌ಗೆ ಬರುವಷ್ಟರಲ್ಲಿ ರಿಯಾಕ್ಟೆನ್ಸ್ ಇಎಸ್‌ಆರ್‌ಗೆ ಸಮ. ಅಲ್ಲಿಂದ ಮುಂದೆ ಅದು 0.05 ಓಮ್‌ನ ರೆಸಿಸ್ಟರ್. 2200 ಹಾಕಿದರೂ ಇಎಸ್‌ಆರ್ ಇಳಿಯದಿದ್ದರೆ ಉಪಯೋಗವಿಲ್ಲ. ಹಳೆಯ ಎಲೆಕ್ಟ್ರೋಲಿಟಿಕ್ 120 ಹರ್ಟ್ಸ್‌ನಲ್ಲಿ ಅಳೆದರೆ ಸರಿ ಇರುತ್ತದೆ, ಸ್ವಿಚಿಂಗ್ ಸಪ್ಲೈನಲ್ಲಿ ಹಾಕಿದರೆ ಕೆಲಸ ಮಾಡುವುದಿಲ್ಲ ಅನ್ನುವುದಕ್ಕೂ ಕಾರಣ ಇದೇ: ಒಣಗುತ್ತಾ ಹೋದಂತೆ ಕೆಪಾಸಿಟೆನ್ಸ್‌ಗಿಂತ ಮೊದಲು ಇಎಸ್‌ಆರ್ ಕೆಡುತ್ತದೆ. ಅಂಥದ್ದನ್ನು 100 ಕಿಲೋಹರ್ಟ್ಸ್‌ನಲ್ಲಿ ಅಳೆಯಬೇಕು.

ಎರಡೂ ಸಿರಾಮಿಕ್ ಆದಾಗ ಕಥೆ ತಿರುಗುತ್ತದೆ. ಎರಡಕ್ಕೂ ಪ್ಯಾಡ್ ಸೇರಿ 1 ನ್ಯಾನೋಹೆನ್ರಿ, ಇಎಸ್‌ಆರ್ ತಲಾ 0.01 ಓಮ್ ಎಂದುಕೊಳ್ಳಿ. 10 ಮೈಕ್ರೋಫ್ಯಾರಡ್‌ನದು 1.6 ಮೆಗಾಹರ್ಟ್ಸ್‌ನಲ್ಲಿ ಅನುರಣಿಸುತ್ತದೆ, 100 ನ್ಯಾನೋಫ್ಯಾರಡ್‌ನದು 16ರಲ್ಲಿ. ನಡುವಿನ ಪಟ್ಟಿಯಲ್ಲಿ ದೊಡ್ಡದು ಆಗಲೇ ಇಂಡಕ್ಟರ್, ಚಿಕ್ಕದು ಇನ್ನೂ ಕೆಪಾಸಿಟರ್. ಇಂಡಕ್ಟರ್‌ಗೆ ಅಡ್ಡಲಾಗಿ ಕೆಪಾಸಿಟರ್ ಅಂದರೆ ಸಮಾಂತರ ಅನುರಣನ. ಸುಮಾರು 11 ಮೆಗಾಹರ್ಟ್ಸ್‌ನಲ್ಲಿ ಇಂಪೀಡೆನ್ಸ್ 0.25 ಓಮ್‌ಗೆ ನೆಗೆಯುತ್ತದೆ. 10 ಮೈಕ್ರೋಫ್ಯಾರಡ್ ಒಂದೇ ಇದ್ದಿದ್ದರೆ ಅಲ್ಲಿ 0.07 ಓಮ್ ಇರುತ್ತಿತ್ತು. ಚಿಕ್ಕದನ್ನು ಸೇರಿಸಿ ಆ ಆವರ್ತನದಲ್ಲಿ ಮೂರೂವರೆ ಪಟ್ಟು ಕೆಡಿಸಿದಂತಾಯಿತು. ಕ್ಲಾಕ್‌ನ ಹಾರ್ಮೋನಿಕ್ (ಮೂಲ ಆವರ್ತನದ ಎರಡು, ಮೂರು ಹೀಗೆ ಪೂರ್ಣ ಪಟ್ಟಿನ ಆವರ್ತನ) ಸರಿಯಾಗಿ ಅಲ್ಲೇ ಬಂದು ಕೂತರೆ ಸಪ್ಲೈ ಲೈನ್‌ನಲ್ಲಿ ಕಾಣಿಸುತ್ತದೆ. ನನ್ನ ಮಟ್ಟಿಗೆ, ಒಂದೇ ಕೆಪಾಸಿಟೆನ್ಸ್‌ನ, ಒಂದೇ ಅಳತೆಯ ಮೂರು ನಾಲ್ಕು ಸಿರಾಮಿಕ್‌ಗಳನ್ನು ಹತ್ತಿರ ಹತ್ತಿರ ಹಾಕುವುದು ಕುರುಡಾಗಿ 10 ಮತ್ತು 0.1ರ ಜೋಡಿ ಹಾಕುವುದಕ್ಕಿಂತ ಲೇಸು. ಜೊತೆಗೆ ತುಸು ಇಎಸ್‌ಆರ್ ಇರುವ ಒಂದು ಎಲೆಕ್ಟ್ರೋಲಿಟಿಕ್ ಇದ್ದರೆ ಅದು ಈ ನೆಗೆತವನ್ನು ತಗ್ಗಿಸುತ್ತದೆ. ಇಎಸ್‌ಆರ್ ಯಾವಾಗಲೂ ಶತ್ರುವಲ್ಲ.

ಅಲೆಗಣ್ಣು:

ಇದಕ್ಕೊಂದು ಸೇರ್ಪಡೆ. 10 ಮೈಕ್ರೋಫ್ಯಾರಡ್ ಎಂದು ಲೆಕ್ಕ ಹಾಕಿದ ಸಿರಾಮಿಕ್ ನಿಜಕ್ಕೂ 10 ಇದೆಯೇ? 0805 ಅಳತೆಯ, 6.3 ವೋಲ್ಟ್‌ನ ಎಕ್ಸ್‌5ಆರ್‌ಗೆ (ಎಕ್ಸ್‌5ಆರ್, ಎಕ್ಸ್‌7ಆರ್, ಸಿ0ಜಿ ಇವು ಸಿರಾಮಿಕ್‌ನ ಬಗೆಗಳು) 5 ವೋಲ್ಟ್ ಡಿಸಿ ಕೊಟ್ಟರೆ ಅರ್ಧಕ್ಕಿಂತ ಹೆಚ್ಚು ಕಳೆದುಕೊಳ್ಳುವುದು ಸಾಮಾನ್ಯ. ಎಕ್ಸ್‌7ಆರ್‌ನ ±15 ಶೇಕಡಾ ಎನ್ನುವುದು −55ರಿಂದ 125 ಡಿಗ್ರಿ ತನಕದ ಉಷ್ಣತೆಗೆ ಕೊಟ್ಟ ಮಾತು, ಡಿಸಿ ವೋಲ್ಟೇಜ್‌ಗಲ್ಲ. ಇಂಥ ಕೆಪಾಸಿಟರನ್ನು ಫಿಲ್ಟರ್‌ನಲ್ಲಿ ಹಾಕಿದರೆ ಕಟ್-ಆಫ್ ಆವರ್ತನ (ಸಿಗ್ನಲ್ 3 ಡೆಸಿಬೆಲ್ ಇಳಿಯುವ ಜಾಗ) ಸಿಗ್ನಲ್ ಜೊತೆಗೇ ಅಲೆದಾಡುತ್ತದೆ, ಆಡಿಯೋದಲ್ಲಿ ಅದು ಡಿಸ್ಟಾರ್ಷನ್ ಆಗಿ ಕೇಳುತ್ತದೆ. ಆವರ್ತನ ನಿಲ್ಲಬೇಕಾದಲ್ಲಿ ಸಿ0ಜಿ ಅಥವಾ ಪಾಲಿಪ್ರೊಪಿಲೀನ್.

ಇಂಡಕ್ಟೆನ್ಸ್, ಕೆಪಾಸಿಟೆನ್ಸ್, ರೆಸಿಸ್ಟೆನ್ಸ್ ಅಳೆಯುವ ಎಲ್‌ಸಿಆರ್ ಮೀಟರ್‌ನಲ್ಲೂ ಇದೇ ಬಲೆ. ಕೈಯಲ್ಲಿ ಹಿಡಿಯುವ ಮೀಟರ್ ದೊಡ್ಡ ಸಿರಾಮಿಕ್‌ಗೆ ಸಾಕಷ್ಟು ಎಸಿ ವೋಲ್ಟೇಜ್ ಕೊಡಲಾರದೆ ಕಡಿಮೆ ಬೆಲೆ ತೋರಿಸುತ್ತದೆ. ಭಾಗ ಕೆಟ್ಟಿದೆ ಎಂದು ಎಸೆಯುವ ಮೊದಲು ಪರೀಕ್ಷೆಯ ಆವರ್ತನ ಮತ್ತು ವೋಲ್ಟೇಜ್ ಡೇಟಾಶೀಟ್‌ನದಕ್ಕೆ ಹೊಂದುತ್ತದೆಯೇ ನೋಡಿ.

ತಂತಿಸುರುಳಿ:

ಆಡಿಯೋ ಬಂದದ್ದರಿಂದ ಕೇಳುತ್ತೇನೆ. 10 ಕಿಲೋಓಮ್ ಇನ್‌ಪುಟ್ ಇರುವ ಆಂಪ್ಲಿಫೈಯರ್‌ಗೆ ಕಪ್ಲಿಂಗ್ ಕೆಪಾಸಿಟರ್ (ಡಿಸಿ ತಡೆದು ಸಿಗ್ನಲ್ ಮಾತ್ರ ಬಿಡುವುದು) ಎಷ್ಟು? 20 ಹರ್ಟ್ಸ್‌ಗೆ ಲೆಕ್ಕ ಹಾಕಿದರೆ 0.8 ಮೈಕ್ರೋಫ್ಯಾರಡ್ ಬರುತ್ತದೆ.

ಅಳತೆಗೋಲು:

0.8 ಹಾಕಿದರೆ 20 ಹರ್ಟ್ಸ್‌ನಲ್ಲಿ ಸಿಗ್ನಲ್ 3 ಡೆಸಿಬೆಲ್ ಇಳಿದಿರುತ್ತದೆ, ಫೇಸ್ 45 ಡಿಗ್ರಿ ಜರುಗಿರುತ್ತದೆ. ಕಟ್-ಆಫ್ ಅಂದರೆ ಅಲ್ಲಿಯವರೆಗೆ ಎಲ್ಲ ಸರಾಗ ಎಂದಲ್ಲ. ಹತ್ತನೇ ಒಂದು ಭಾಗಕ್ಕೆ, 2 ಹರ್ಟ್ಸ್‌ಗೆ, ಲೆಕ್ಕ ಹಾಕಿ: 8 ಬರುತ್ತದೆ, 10 ಮೈಕ್ರೋಫ್ಯಾರಡ್ ಹಾಕಿ. ಜಾಗ ಕಡಿಮೆಯಿದ್ದರೆ 4.7ಕ್ಕೂ ಕಟ್-ಆಫ್ 3.4 ಹರ್ಟ್ಸ್, ತೊಂದರೆಯಿಲ್ಲ. ಇನ್ನೊಂದು ಲಾಭವೂ ಇದೆ: ಕೆಪಾಸಿಟರ್‌ನ ಮೇಲೆ ಎಸಿ ವೋಲ್ಟೇಜೇ ಬೀಳದಿದ್ದರೆ ಅದರ ಡಿಸ್ಟಾರ್ಷನ್ ಕೂಡ ಕೇಳುವುದಿಲ್ಲ.

ಫ್ಯೂಸ್‌ತಂತಿ:

ಆವರ್ತನಕ್ಕೇ ಸಂಬಂಧಿಸಿದ ಇನ್ನೊಂದು, ಎಲ್‌ಇಡಿ ದೀಪದ ಬೋರ್ಡ್‌ನದು. 0.47 ಮೈಕ್ರೋಫ್ಯಾರಡ್‌ನ ಎಕ್ಸ್‌2 (ಮೇನ್ಸ್‌ಗೆ ನೇರವಾಗಿ ಹಾಕುವ ವರ್ಗದ) ಕೆಪಾಸಿಟರ್, ಸಾಲಾಗಿ 100 ಓಮ್ 1 ವಾಟ್ ರೆಸಿಸ್ಟರ್, ಆಮೇಲೆ ಎಸಿಯನ್ನು ಡಿಸಿ ಮಾಡುವ ಡಯೋಡ್ ಬ್ರಿಜ್, ಎಲ್‌ಇಡಿ. 230 ವೋಲ್ಟ್ 50 ಹರ್ಟ್ಸ್‌ನಲ್ಲಿ ರೆಸಿಸ್ಟರ್ ಬೆಚ್ಚಗೂ ಆಗುವುದಿಲ್ಲ. ಮಾರ್ಪಡಿಸಿದ ಸೈನ್ ಅಲೆಯ (ಮೆಟ್ಟಿಲಿನಂತೆ ಹಾರುವ ಅಲೆಯ) ಇನ್ವರ್ಟರ್‌ಗೆ ಹಾಕಿದರೆ ಸ್ವಲ್ಪ ಹೊತ್ತಿಗೇ ಕಪ್ಪಾಗುತ್ತದೆ. ಮೀಟರ್‌ನಲ್ಲಿ ಅಲ್ಲೂ 50 ಹರ್ಟ್ಸ್, 230 ವೋಲ್ಟ್. 5 ವಾಟ್ ರೆಸಿಸ್ಟರ್ ಹಾಕಲೇ, ಅಥವಾ ಬೆಲೆಯನ್ನು 470 ಓಮ್‌ಗೆ ಏರಿಸಲೇ?

ಅಳತೆಗೋಲು:

ಎರಡೂ ಬೇಡ.

ರಿಯಾಕ್ಟೆನ್ಸ್‌ನ ಸೂತ್ರ ಶುದ್ಧ ಸೈನ್ ಅಲೆಗೆ ಮಾತ್ರ. ಸೈನ್ ಅಲೆಗೆ ಅದರ ಲೆಕ್ಕ ಹೀಗೆ: 6.8 ಕಿಲೋಓಮ್, ಸುಮಾರು 34 ಮಿಲಿಆಂಪ್ (60 ಹರ್ಟ್ಸ್ ಆಗಿದ್ದರೆ 41), 100 ಓಮ್‌ನಲ್ಲಿ 0.12 ವಾಟ್. ಇನ್ವರ್ಟರ್‌ನ ಅಲೆಯಲ್ಲಿ ಮೂಲ 50 ಹರ್ಟ್ಸ್ ಜೊತೆ ಹಾರ್ಮೋನಿಕ್‌ಗಳ ದಂಡೇ ಇದೆ. ಚೌಕ ಅಲೆಯನ್ನೇ ನೋಡಿ: ಮೂರನೇ ಹಾರ್ಮೋನಿಕ್‌ನ ಎತ್ತರ ಮೂಲದ ಮೂರನೇ ಒಂದು ಭಾಗ, ಆದರೆ ಆ ಆವರ್ತನದಲ್ಲಿ ಕೆಪಾಸಿಟರ್‌ನ ರಿಯಾಕ್ಟೆನ್ಸ್ ಕೂಡ ಮೂರನೇ ಒಂದು ಭಾಗ. ಹಾಗಾಗಿ ಮೂರನೆಯದು ಹರಿಸುವ ಕರೆಂಟ್ ಮೂಲದಷ್ಟೇ. ಐದನೆಯದೂ ಅಷ್ಟೇ, ಏಳನೆಯದೂ ಅಷ್ಟೇ. ಇದಕ್ಕೆ ತಡೆ ಹಾಕುವುದು ನಿಮ್ಮ 100 ಓಮ್ ಒಂದೇ.

ಶಾಖದ ಲೆಕ್ಕಕ್ಕೆ ಹಾರ್ಮೋನಿಕ್ ಕೂಡಿಸುತ್ತಾ ಕೂರಬೇಕಿಲ್ಲ. ಅಲೆ ಸೊನ್ನೆಯಿಂದ 325 ವೋಲ್ಟ್‌ಗೆ ಹಾರಿದ ಪ್ರತಿ ಸಲ ರೆಸಿಸ್ಟರ್‌ನಲ್ಲಿ ಸುಡುವ ಶಕ್ತಿ, ಅರ್ಧ × ಕೆಪಾಸಿಟೆನ್ಸ್ × ವೋಲ್ಟೇಜ್‌ನ ವರ್ಗ: 25 ಮಿಲಿಜೂಲ್. ಸೊನ್ನೆಗೆ ಇಳಿಯುವಾಗ ಮತ್ತೆ 25. ಒಂದು ಸೈಕಲ್‌ಗೆ ಇಂಥ ನಾಲ್ಕು ಹಾರಿಕೆ, ಸೆಕೆಂಡಿಗೆ 50 ಸೈಕಲ್. ಒಟ್ಟು 5 ವಾಟ್. 1 ವಾಟ್‌ನ ರೆಸಿಸ್ಟರ್ ಕಪ್ಪಾಗದೆ ಇನ್ನೇನಾಗುತ್ತದೆ?

ಈ ಲೆಕ್ಕದಲ್ಲಿ ರೆಸಿಸ್ಟರ್‌ನ ಬೆಲೆಯೇ ಇಲ್ಲ ಎಂಬುದನ್ನು ಗಮನಿಸಿ. 100 ಇದ್ದರೂ 470 ಇದ್ದರೂ, ಮುಂದಿನ ಹಾರಿಕೆಯೊಳಗೆ ಕೆಪಾಸಿಟರ್ ಪೂರ್ತಿ ತುಂಬುವವರೆಗೆ ಶಾಖ ಅದೇ 5 ವಾಟ್. ಬದಲಾಗುವುದು ಕರೆಂಟ್‌ನ ಮೊದಲ ಏಟು ಮಾತ್ರ: 100 ಓಮ್‌ಗೆ 3.25 ಆಂಪ್, 470ಕ್ಕೆ 0.7 ಆಂಪ್. 5 ವಾಟ್ ರೆಸಿಸ್ಟರ್ ಹಾಕಿದರೆ ಮುಚ್ಚಿದ ಡಬ್ಬಿಯೊಳಗೆ ಅದೇ ಶಾಖ ಕೂತಿರುತ್ತದೆ, ಪಕ್ಕದ ಎಲ್‌ಇಡಿ ಮೊದಲು ಹೋಗುತ್ತದೆ. ಸೈನ್ ಅಲೆಯ ಇನ್ವರ್ಟರ್ ಬಳಸಿ, ಇಲ್ಲವೇ ಈ ಬೋರ್ಡನ್ನೇ ಬಿಟ್ಟು ಸ್ವಿಚಿಂಗ್ ಡ್ರೈವರ್ ಹಾಕಿ.

ಅಲೆಗಣ್ಣು:

ಪವರ್ ಫ್ಯಾಕ್ಟರ್ ತಿದ್ದುವ ದೊಡ್ಡ ಕೆಪಾಸಿಟರ್ ಬ್ಯಾಂಕ್‌ಗಳಿಗೂ ಇದೇ ಕಾಟ. ಮೋಟರ್ ಡ್ರೈವ್‌ಗಳ ಐದನೇ ಹಾರ್ಮೋನಿಕ್ 250 ಹರ್ಟ್ಸ್. ಅಲ್ಲಿ ಬ್ಯಾಂಕ್‌ನ ರಿಯಾಕ್ಟೆನ್ಸ್ ಐದನೇ ಒಂದು ಭಾಗ. ಟ್ರಾನ್ಸ್‌ಫಾರ್ಮರ್‌ನ ಇಂಡಕ್ಟೆನ್ಸ್ ಜೊತೆ ಅನುರಣನವೂ ಸೇರಿದರೆ ಕೆಪಾಸಿಟರ್ ಊದಿಕೊಳ್ಳುತ್ತದೆ. ಅದಕ್ಕೇ ಸಾಲಾಗಿ 7 ಶೇಕಡಾ ರಿಯಾಕ್ಟರ್ (50 ಹರ್ಟ್ಸ್‌ನಲ್ಲಿ ಕೆಪಾಸಿಟರ್‌ನ ರಿಯಾಕ್ಟೆನ್ಸ್‌ನ 7 ಶೇಕಡಾ ಇರುವ ಇಂಡಕ್ಟರ್) ಹಾಕುವುದು. ಆಗ ಜೋಡಿ 189 ಹರ್ಟ್ಸ್‌ನಲ್ಲಿ ಅನುರಣಿಸುತ್ತದೆ, 250ರಲ್ಲಿ ಇಂಡಕ್ಟರ್‌ನಂತೆ ಕಾಣುತ್ತದೆ. ಒಂದು ಎಚ್ಚರಿಕೆ: ರಿಯಾಕ್ಟರ್ ಸೇರಿದ ಮೇಲೆ ಕೆಪಾಸಿಟರ್‌ನ ಮೇಲೆ ಲೈನ್ ವೋಲ್ಟೇಜ್‌ಗಿಂತ ಸುಮಾರು 7.5 ಶೇಕಡಾ ಹೆಚ್ಚು ಬೀಳುತ್ತದೆ. ಅಷ್ಟಕ್ಕೆ ತಕ್ಕ ರೇಟಿಂಗ್ ಇರಲೇಬೇಕು.

ಬೆಸುಗೆಕಡ್ಡಿ:

ಫ್ಯೂಸ್‌ತಂತಿ ಅವರ ಬೋರ್ಡನ್ನು ಬಿಚ್ಚುವವರಿಗೆ: ಅದು ಮೇನ್ಸ್‌ನಿಂದ ಬೇರ್ಪಟ್ಟಿಲ್ಲ, ಎಲ್‌ಇಡಿಯ ಕಡೆಯೂ ಶಾಕ್ ಹೊಡೆಯುತ್ತದೆ. ಸ್ಕೋಪ್‌ನ ಗ್ರೌಂಡ್ ಕ್ಲಿಪ್ಪನ್ನು ಅದರ ಎಲ್ಲಿಗೂ ಹಾಕಬೇಡಿ. ಎಕ್ಸ್‌2ಗೆ ಅಡ್ಡಲಾಗಿ ಖಾಲಿ ಮಾಡುವ ರೆಸಿಸ್ಟರ್ ಇದೆಯೇ ಮೊದಲು ನೋಡಿ. ಒಂದೇ 1 ಮೆಗಾಓಮ್ ಬದಲು 470 ಕಿಲೋಓಮ್‌ನ ಎರಡು ಸಾಲಾಗಿ ಇರುವುದು ವಾಸಿ, ಯಾಕೆಂದರೆ ಕಾಲು ವಾಟ್‌ನ ರೆಸಿಸ್ಟರ್‌ಗಳ ವೋಲ್ಟೇಜ್ ಮಿತಿ ಸಾಮಾನ್ಯವಾಗಿ 250 ವೋಲ್ಟ್ ಆಸುಪಾಸು. ಆ ಜೋಡಿಗೆ 325 ವೋಲ್ಟ್ 34ಕ್ಕೆ ಇಳಿಯಲು ಸುಮಾರು 1 ಸೆಕೆಂಡ್ ಸಾಕು. ರೆಸಿಸ್ಟರ್ ಇಲ್ಲದಿದ್ದರೆ ಪ್ಲಗ್ ಕಿತ್ತು ಎಷ್ಟೋ ಹೊತ್ತಾದ ಮೇಲೂ ಚಾರ್ಜ್ ಉಳಿದಿರಬಹುದು. ಮೀಟರ್‌ನಲ್ಲಿ ಡಿಸಿ ರೇಂಜ್ ಹಾಕಿ ಅಳೆದೇ ಕೈ ಹಾಕಿ. ಬಿಚ್ಚಿದಾಗಲೇ ಎಕ್ಸ್‌2ರ ಬೆಲೆಯನ್ನೂ 1 ಕಿಲೋಹರ್ಟ್ಸ್‌ನಲ್ಲಿ ಅಳೆದುಬಿಡಿ. 0.47 ಇದ್ದದ್ದು 0.3ಕ್ಕೆ ಇಳಿದಿದ್ದರೆ ದೀಪ ಮಂಕಾಗಿರುವುದಕ್ಕೆ ಎಲ್‌ಇಡಿ ಕಾರಣವಲ್ಲ. ಸಣ್ಣ ಸಣ್ಣ ಸ್ಫೋಟಗಳಲ್ಲಿ ಫಿಲ್ಮ್‌ನ ಲೋಹದ ಲೇಪ ತಿಂದುಹೋಗಿದೆ, ಕೆಪಾಸಿಟರ್ ಬದಲಿಸಬೇಕು.